ಮುದ್ದೆ ಇಲ್ಲದ ರಾತ್ರಿಗೂ ಹೊಟ್ಟೆ ತುಂಬಬೇಕು: ಮೂಳೆ, ಸೋರೆಕಾಯಿ, ಉಪ್ಸಾರು ಖಾರದ ಲೋ ಕಾರ್ಬ್ ಸೂಪ್

ಅಪ್ಪಾಜಿಗೆ ಶುಗರ್ ಇದೆ ಅಂತ ಗೊತ್ತಾದಾಗ ಅವರು ಮದ್ದೂರು ಹತ್ತಿರದ ನಮ್ಮೂರಿಂದ ಮೈಸೂರಿಗೆ ಬಂದು, ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದರು. ಎರಡು ಹೊತ್ತೂ ಮುದ್ದೆ ಉಂಡು ಗದ್ದೆ ಕೆಲಸ ಮಾಡಿದ ಜೀವ. ರಾತ್ರಿ ಊಟದಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಸರಿ, ಸೂಪ್ ಕೊಟ್ಟರಾಯಿತು ಅಂತ ಮೊದಲ ದಿನ ತರಕಾರಿ ಸೂಪ್ ಮಾಡಿಕೊಟ್ಟೆ. ನಾಲ್ಕು ಚಮಚ ಕುಡಿದು ಬಟ್ಟಲು ಕೆಳಗಿಟ್ಟರು. "ಇದೇನವ್ವಾ, ಜ್ವರ ಬಂದೋರ್ಗೆ ಕೊಡೋ ಗಂಜಿ ತಿಳಿ ಇದ್ದಂಗದೆ" ಅಂದರು. ರಾತ್ರಿ ಹತ್ತೂವರೆಗೆ ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಕೈಯಲ್ಲಿ ಬಿಸ್ಕತ್ತು.

ಅವತ್ತು ನನಗೆ ನಿಜವಾಗಿ ಬೇಜಾರಾಗಿದ್ದು ಆಮೇಲೆ. ಸೂಪಿಗೆ ಏನೇನು ಹಾಕಿದ್ದೆ ಅಂತ ಕೂತು ಲೆಕ್ಕ ಹಾಕಿದೆ. ಒಂದು ಆಲೂಗಡ್ಡೆ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಹಿಡಿ ಬಟಾಣಿ, ಒಂದು ಹಿಡಿ ಸ್ವೀಟ್‌ಕಾರ್ನ್. ಅಂದರೆ ಅದು ಹೊಟ್ಟೆಯನ್ನೂ ತುಂಬಿಸಲಿಲ್ಲ, ಲೋ ಕಾರ್ಬ್ ಕೂಡ ಆಗಿರಲಿಲ್ಲ. ಎರಡೂ ಕಡೆ ತಪ್ಪಿತ್ತು. ಆಮೇಲೆ ಒಂದು ತಿಂಗಳು ಹೆಚ್ಚುಕಮ್ಮಿ ದಿನ ಬಿಟ್ಟು ದಿನ ಮಾಡಿ, ಅಪ್ಪಾಜಿ "ಇವತ್ತು ಮುದ್ದೆ ಬ್ಯಾಡ ಬುಡು" ಅನ್ನೋವರೆಗೂ ತಿದ್ದಿ ತಿದ್ದಿ ಬಂದ ಸೂಪ್ ಇದು. ನಮ್ಮ ಕಡೆಯ ಕಾಲು ಸೂಪು, ಸೊಪ್ಪು ಬೇಯಿಸಿ ಮಸೆದು ಮಾಡುವ ಮಸ್ಸೊಪ್ಪು, ಅರೆದ ಖಾರ ಕಲಸಿಕೊಂಡು ಉಣ್ಣುವ ಉಪ್ಸಾರು, ಈ ಮೂರನ್ನೂ ಸೇರಿಸಿದ ಹಾಗಿದೆ. ಮಾಡುವುದು ಕಷ್ಟ ಅಲ್ಲ. ಆದರೆ ಪ್ರತಿ ಹೆಜ್ಜೆಯಲ್ಲೂ ಯಾಕೆ ಹೀಗೆ ಅಂತ ಗೊತ್ತಿದ್ದರೆ ಮಾತ್ರ ಸರಿಯಾಗಿ ಬರುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು

ಇನ್ಸುಲಿನ್ ತಗೊಳ್ಳುವವರು, ಶುಗರ್ ಮಾತ್ರೆ ನುಂಗುವವರು ರಾತ್ರಿ ಊಟದ ಕಾರ್ಬ್ ಒಂದೇ ಸಲ ಇಳಿಸಬೇಡಿ. ಔಷಧಿಯ ಡೋಸ್ ಹಳೆಯ ಊಟಕ್ಕೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಊಟ ಮಾತ್ರ ಬದಲಾಗಿ ಡೋಸ್ ಹಾಗೇ ಉಳಿದರೆ ನಡುರಾತ್ರಿ ಶುಗರ್ ತೀರಾ ಕೆಳಗಿಳಿದು ಮೈ ನಡುಗಿ, ಬೆವರಿ, ತಲೆ ಸುತ್ತುವ ಅಪಾಯ ಇದೆ. ಡಾಕ್ಟರಿಗೆ ಹೇಳಿ, ಅವರು ಡೋಸ್ ನೋಡಿ ಹೇಳುತ್ತಾರೆ. ಕಿಡ್ನಿ ತೊಂದರೆ ಇರುವವರಿಗೆ ಮಾಂಸ, ಸೊಪ್ಪು, ಉಪ್ಪು ಎಲ್ಲಕ್ಕೂ ಬೇರೆ ಲೆಕ್ಕ ಇರುತ್ತದೆ. ಯೂರಿಕ್ ಆಸಿಡ್ ಜಾಸ್ತಿ ಇರುವವರಿಗೆ ಮೂಳೆ ರಸ, ಮಾಂಸ ಒಳ್ಳೆಯದಲ್ಲ, ಅವರು ಕೆಳಗೆ ಹೇಳಿರುವ ತರಕಾರಿ ಸೂಪ್ ಬಗ್ಗೆ ಡಾಕ್ಟರನ್ನು ಕೇಳಿ ಮಾಡಿಕೊಳ್ಳಲಿ.

ಇನ್ನೊಂದು. ರಾಗಿಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಾರು, ಕ್ಯಾಲ್ಸಿಯಂ ಎಲ್ಲ ಇರುವ ಒಳ್ಳೆಯ ಧಾನ್ಯ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಕಾರ್ಬ್ ಇದೆ, ನಮ್ಮೂರ ಕಡೆಯ ಒಂದು ದೊಡ್ಡ ಮುದ್ದೆಗೆ ಅಷ್ಟು ಹಿಟ್ಟು ಹಿಡಿಯುತ್ತದೆ. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ತಿಂದರೆ ಸಾಮಾನ್ಯವಾಗಿ ಅದನ್ನು ಲೋ ಕಾರ್ಬ್ ಅನ್ನುತ್ತಾರೆ. ಎರಡು ಮುದ್ದೆಗೇ ಅದು ಮುಗಿದುಹೋಯಿತು ಅಲ್ವಾ? ಈ ಸೂಪಿನಲ್ಲಿ ಒಬ್ಬರ ಪಾಲಿಗೆ ಸುಮಾರು 12ರಿಂದ 15 ಗ್ರಾಂ ಬರುತ್ತದೆ, ಅದರಲ್ಲೂ ಒಂದಷ್ಟು ನಾರು.

ಹಿಟ್ಟಿಲ್ಲದೆ ಸೂಪ್ ದಪ್ಪ ಆಗುವುದು ಹೇಗೆ

ನಾನು ಕಲಿತ ಮುಖ್ಯ ಪಾಠ ಇದೇ. ಸೂಪ್ ತೆಳ್ಳಗಿದ್ದರೆ ಎಷ್ಟೇ ಕುಡಿದರೂ ಊಟ ಮಾಡಿದ ಹಾಗೆ ಆಗುವುದಿಲ್ಲ. ನೀರು ಕುಡಿದ ಹಾಗೆ. ಬಾಯಲ್ಲಿ ಒಂದು ತೂಕ ಇರಬೇಕು, ಅಗಿಯಲು ಏನಾದರೂ ಇರಬೇಕು. ಹೋಟೆಲಿನಲ್ಲಿ ಆ ತೂಕ ಕಾರ್ನ್‌ಫ್ಲೋರಿನಿಂದ ಬರುತ್ತದೆ. ಅದು ಬರೀ ಪಿಷ್ಟ. ಒಂದು ದೊಡ್ಡ ಚಮಚ ಹಾಕಿದರೆ ಸುಮಾರು 7 ಗ್ರಾಂ ಕಾರ್ಬ್, ಅದರ ಜೊತೆ ಬೇರೇನೂ ಇಲ್ಲ. ರೆಡಿಮೇಡ್ ಸೂಪ್ ಪ್ಯಾಕೆಟ್ ಮನೆಯಲ್ಲಿದ್ದರೆ ಹಿಂದೆ ತಿರುಗಿಸಿ ಓದಿ. ಎಷ್ಟೋ ಪ್ಯಾಕೆಟ್‌ಗಳಲ್ಲಿ ಜೋಳದ ಪಿಷ್ಟ, ಸಕ್ಕರೆ, ಉಪ್ಪು ಇವೇ ಮೊದಲ ಸಾಲುಗಳಲ್ಲಿ ಇರುತ್ತವೆ.

ನಾವು ಆ ತೂಕವನ್ನು ಮೂರು ಕಡೆಯಿಂದ ತರುತ್ತೇವೆ. ಒಂದು, ಮೂಳೆ. ಮೂಳೆ, ಕೀಲು, ನರದ ಭಾಗದಲ್ಲಿ ಕೊಲಾಜೆನ್ ಅಂತ ಇರುತ್ತದೆ, ನಿಧಾನವಾಗಿ ಬೆಂದಾಗ ಅದು ಜೆಲಟಿನ್ ಆಗಿ ರಸದಲ್ಲಿ ಕರಗುತ್ತದೆ. ಕಾಲು ಸೂಪ್ ಕುಡಿದಾಗ ತುಟಿ ಅಂಟಂಟು ಅನ್ನಿಸುತ್ತದಲ್ಲ, ಅದು ಇದೇ. ಎರಡು, ಬೇಯಿಸಿ ಮಸೆದ ಸೋರೆಕಾಯಿ ಮತ್ತು ಹೂಕೋಸು. ನೂರು ಗ್ರಾಂ ಆಲೂಗಡ್ಡೆಯಲ್ಲಿ 17 ಗ್ರಾಂ ಹತ್ತಿರ ಕಾರ್ಬ್ ಇದ್ದರೆ ಹೂಕೋಸಿನಲ್ಲಿ 5, ಸೋರೆಕಾಯಿಯಲ್ಲಿ ಅದಕ್ಕಿಂತಲೂ ಕಡಿಮೆ. ಆದರೂ ಮಸೆದಾಗ ಎರಡೂ ಬೆಣ್ಣೆ ಹಾಗೆ ಆಗುತ್ತವೆ. ಮೂರು, ಮೊಟ್ಟೆ.

ಸಾಮಾನು

ನಾಲ್ಕು ಜನಕ್ಕೆ, ಇದನ್ನೇ ಪೂರ್ತಿ ಊಟ ಅಂತ ಇಟ್ಟುಕೊಂಡು ಹೇಳುತ್ತಿದ್ದೇನೆ. ಮೂಳೆ ಸಮೇತ ಕುರಿ ಮಾಂಸ ಅರ್ಧ ಕೆಜಿ, ಅದರ ಮೇಲೆ ಮೂರು ನಾಲ್ಕು ನಲ್ಲಿ ಮೂಳೆ, ಅಂದರೆ ಒಳಗೆ ಮಜ್ಜೆ ಇರುವ ಕಾಲಿನ ಮೂಳೆ. ಎಳೆ ಸೋರೆಕಾಯಿ ಅರ್ಧ ಕೆಜಿ. ಹೂಕೋಸು ಕಾಲು ಕೆಜಿ. ಬೀನ್ಸ್ ನೂರು ಗ್ರಾಂ. ಒಂದು ಕಟ್ಟು ಸೊಪ್ಪು, ದಂಟಿನ ಸೊಪ್ಪಾಗಲಿ ಪಾಲಕ್ ಆಗಲಿ ನುಗ್ಗೆಸೊಪ್ಪಾಗಲಿ. ಒಂದು ಮಧ್ಯಮ ಈರುಳ್ಳಿ, ಒಂದು ಟೊಮೆಟೊ. ನಾಟಿ ಬೆಳ್ಳುಳ್ಳಿ ಎರಡು ಗೆಡ್ಡೆ, ಹೆಬ್ಬೆಟ್ಟಿನ ಉದ್ದ ಶುಂಠಿ. ಕಾಳುಮೆಣಸು ಎರಡು ಚಿಕ್ಕ ಚಮಚ, ಜೀರಿಗೆ ಒಂದು ಚಿಕ್ಕ ಚಮಚ, ಹಸಿ ಮೆಣಸಿನಕಾಯಿ ನಾಲ್ಕೈದು. ಎರಡು ಮೊಟ್ಟೆ. ಕೊತ್ತಂಬರಿ ಸೊಪ್ಪು, ಅರಿಶಿನ, ಒಂದು ನಿಂಬೆಹಣ್ಣು, ಒಂದು ದೊಡ್ಡ ಚಮಚ ಕಡ್ಲೆಕಾಯಿ ಎಣ್ಣೆ. ಉಪ್ಪು ಒಟ್ಟು ಒಂದೂವರೆ ಚಿಕ್ಕ ಚಮಚ ದಾಟಬಾರದು. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಶುಗರ್ ಇರುವವರಲ್ಲಿ ಬಹಳ ಜನಕ್ಕೆ ಬಿಪಿಯೂ ಇರುತ್ತದೆ.

ತರಕಾರಿ ನಾನು ದೇವರಾಜ ಮಾರುಕಟ್ಟೆಯಿಂದ ಬೆಳಗ್ಗೆಯೇ ತರುತ್ತೇನೆ. ಸೊಪ್ಪಿನ ಬೇರಿನಲ್ಲಿ ಇನ್ನೂ ಒದ್ದೆ ಮಣ್ಣು ಅಂಟಿರುತ್ತದೆ, ಅದು ತಾಜಾ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಸೋರೆಕಾಯಿ ಆರಿಸುವಾಗ ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು, ಮೈ ಮೇಲೆ ಸಣ್ಣ ನವಿರು ಇರಬೇಕು. ಬಲಿತದ್ದು ಮಸೆದರೆ ನಾರು ನಾರು.

ಮಟನ್ ಅಂಗಡಿಯಲ್ಲಿ ಸುಮ್ನೆ "ಅರ್ಧ ಕೆಜಿ ಕೊಡಿ" ಅಂದರೆ ತೊಡೆಯ ಮೆತ್ತನೆ ತುಂಡೇ ಜಾಸ್ತಿ ಹಾಕಿ ಕೊಡುತ್ತಾರೆ. ಸೂಪಿಗೆ ಬೇಕಾದ್ದು ಅದಲ್ಲ. ಎದೆ ಭಾಗ, ಪಕ್ಕೆ ಮೂಳೆ, ಕತ್ತಿನ ಭಾಗ ಕೇಳಿ. ನಲ್ಲಿ ಮೂಳೆಯನ್ನು ಅಡ್ಡಕ್ಕೆ ಕಡಿದು ಕೊಡಲು ಹೇಳಿ, ಪುಡಿ ಪುಡಿ ಮಾಡಿದರೆ ಮೂಳೆ ಚೂರು ಗಂಟಲಿಗೆ ಸಿಗುತ್ತದೆ. ನಮ್ಮ ಭಾಗದ ಬಂಡೂರು ಕುರಿ ಸಿಕ್ಕರೆ ಅದೃಷ್ಟ. ಬನ್ನೂರು ಕುರಿ, ಮಂಡ್ಯ ಕುರಿ ಅಂತಲೂ ಕರೆಯುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಆ ಹೆಸರು ಬಂದಿದ್ದು. ಗಿಡ್ಡ ಕಾಲು, ಗುಂಡು ಮೈ. ಅದರ ಬಾಡಿನಲ್ಲಿ ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿಕೊಂಡಿರುತ್ತದೆ, ಅದಕ್ಕೇ ಅಷ್ಟು ರುಚಿ, ಅಷ್ಟು ಮೆತ್ತಗೆ. ಅಪ್ಪಟ ತಳಿ ಈಗ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. ಬೇರೆ ಕುರಿ, ಮೇಕೆ ಆದರೂ ಸೂಪ್ ಚೆನ್ನಾಗೇ ಆಗುತ್ತದೆ. ಕೋಳಿ ಬೇಕು ಅನ್ನುವವರು ನಾಟಿ ಕೋಳಿ ತಗೊಳ್ಳಿ, ಫಾರಂ ಕೋಳಿಯ ಮೂಳೆಯಲ್ಲಿ ಅಷ್ಟು ಸತ್ವದ ರಸ ಬರುವುದಿಲ್ಲ. ಫಾರಂ ಕೋಳಿಯೇ ಇರುವುದಾದರೆ ಅದರ ಕಾಲು, ಕತ್ತು, ರೆಕ್ಕೆ ಜಾಸ್ತಿ ಹಾಕಿಸಿಕೊಳ್ಳಿ.

ಮೂಳೆ ರಸ

ಮಾಂಸ, ಮೂಳೆ ಎರಡನ್ನೂ ತೊಳೆದು ತಣ್ಣೀರಿನಲ್ಲಿ ಹಾಕಿ ಒಲೆ ಮೇಲಿಡಿ. ಬಿಸಿ ನೀರಿಗೆ ಹಾಕಬೇಡಿ. ತಣ್ಣೀರಿನಿಂದ ಶುರು ಮಾಡಿದರೆ ಒಳಗಿನ ರಕ್ತದ ಅಂಶ, ಕೊಳೆ ನಿಧಾನವಾಗಿ ಹೊರಗೆ ಬಂದು ಬೂದು ಬಣ್ಣದ ನೊರೆಯಾಗಿ ಮೇಲೆ ತೇಲುತ್ತದೆ. ಒಂದು ಕುದಿ ಬಂದ ಮೇಲೆ ಮೂರು ನಾಲ್ಕು ನಿಮಿಷ ಬಿಟ್ಟು ಆ ನೀರು ಬಸಿದು ಚೆಲ್ಲಿ. ತುಂಡುಗಳನ್ನು ಇನ್ನೊಮ್ಮೆ ತೊಳೆಯಿರಿ. ಈ ಹತ್ತು ನಿಮಿಷದ ಕೆಲಸ ಬಿಟ್ಟರೆ ಸೂಪಿಗೆ ಒಂದು ಕವುರು ವಾಸನೆ ಉಳಿಯುತ್ತದೆ, ಆಮೇಲೆ ಎಷ್ಟು ಮಸಾಲೆ ಹಾಕಿದರೂ ಹೋಗುವುದಿಲ್ಲ.

ಈಗ ಕುಕ್ಕರಿಗೆ ಮೂಳೆ ಮಾತ್ರ ಹಾಕಿ. ಮಾಂಸ ಪಕ್ಕಕ್ಕೆ ಮುಚ್ಚಿಡಿ. ಒಂದೂವರೆ ಲೀಟರ್ ನೀರು, ಜಜ್ಜಿದ ಶುಂಠಿ ಅರ್ಧ, ಚಿಟಿಕೆ ಅರಿಶಿನ, ಅರ್ಧ ಚಿಕ್ಕ ಚಮಚ ಉಪ್ಪು. ಮೊದಲ ವಿಷಲ್ ದೊಡ್ಡ ಉರಿಯಲ್ಲಿ, ಆಮೇಲೆ ಸಣ್ಣ ಉರಿಯಲ್ಲಿ ಮೂವತ್ತು ನಿಮಿಷ. ವಿಷಲ್ ಎಣಿಸಬೇಡಿ, ಗಡಿಯಾರ ನೋಡಿ. ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತದೆ.

ತೆರೆದ ಪಾತ್ರೆಯಲ್ಲಿ ಯಾಕೆ ಬೇಡ? ಮಾಡಬಹುದು, ಮೂರು ನಾಲ್ಕು ಗಂಟೆ ಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿ ಆಗುವುದೇ ಇಲ್ಲ. ಕುಕ್ಕರಿನ ಒಳಗೆ ಒತ್ತಡದಿಂದ 120 ಡಿಗ್ರಿ ಹತ್ತಿರ ಹೋಗುತ್ತದೆ. ಮೂಳೆಯ ಸತ್ವ ಬೇಗ ಬಿಡುವುದು ಆ ಬಿಸಿಗೆ.

ಕುಕ್ಕರ್ ತಾನಾಗೇ ತಣಿಯಲಿ. ಮೇಲೆ ನೀರು ಸುರಿದು, ವಿಷಲ್ ಎತ್ತಿ ಒತ್ತಡ ಬಿಡಬೇಡಿ. ತಟ್ಟನೆ ಒತ್ತಡ ಬಿಟ್ಟರೆ ಒಳಗಿನ ರಸ ಜೋರಾಗಿ ಕೊತಕೊತ ಕುದಿದು ಕೊಬ್ಬು ರಸದಲ್ಲಿ ಕಲಸಿಹೋಗುತ್ತದೆ, ಆಮೇಲೆ ಅದನ್ನು ತೆಗೆಯುವುದು ಕಷ್ಟ. ತಣಿದ ಮೇಲೆ ಮುಚ್ಚಳ ತೆಗೆದು ಮಾಂಸ ಹಾಕಿ ಇನ್ನು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಇಡಿ. ಬಲಿತ ಮಾಂಸ ಆದರೆ ಇಪ್ಪತ್ತೈದು. ಶುರುವಿನಲ್ಲೇ ಎರಡನ್ನೂ ಒಟ್ಟಿಗೆ ಹಾಕಿದರೆ ಮೂಳೆ ರಸ ಬಿಡುವ ಹೊತ್ತಿಗೆ ಮಾಂಸ ಹಿಂಜಿ ಹತ್ತಿಯಾಗಿರುತ್ತದೆ, ಅಗಿಯಲು ಏನೂ ಉಳಿಯುವುದಿಲ್ಲ. ನಾಟಿ ಕೋಳಿಗೂ ಇದೇ ಕ್ರಮ. ಫಾರಂ ಕೋಳಿಯಾದರೆ ಮೂಳೆಗೆ ಇಪ್ಪತ್ತು ನಿಮಿಷ, ಮಾಂಸಕ್ಕೆ ಆರೇಳು ನಿಮಿಷ ಸಾಕು.

ರಸ ಸರಿಯಾಗಿದೆಯಾ ಅಂತ ತಿಳಿಯಲು ಒಂದು ದಾರಿ ಇದೆ. ಹಿಂದಿನ ದಿನವೇ ರಸ ತೆಗೆದು ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಮೇಲೆ ಬಿಳಿ ಕೊಬ್ಬು ತಟ್ಟೆ ಥರ ಗಟ್ಟಿಯಾಗಿ ಕೂತಿರುತ್ತದೆ. ಚಮಚದ ತುದಿ ಹಾಕಿ ಎತ್ತಿದರೆ ಇಡಿಯಾಗಿ ಬರುತ್ತದೆ. ಅದರ ಕೆಳಗಿನ ರಸ ಗಿಣ್ಣು ಅಲ್ಲಾಡಿದ ಹಾಗೆ ಅಲ್ಲಾಡಬೇಕು. ಪಾತ್ರೆ ಓರೆ ಮಾಡಿದರೂ ಹರಿಯಬಾರದು. ಮೊದಲ ಸಲ ಅದನ್ನು ನೋಡಿದಾಗ ನನಗೆ ಆದ ಖುಷಿ ಹೇಳತೀರದು, ಅಪ್ಪಾಜಿಯನ್ನು ಕರೆದು ತೋರಿಸಿದೆ. ಕಾರ್ನ್‌ಫ್ಲೋರ್ ಒಂದು ಚಿಟಿಕೆಯೂ ಇಲ್ಲದೆ ಅಷ್ಟು ಗಟ್ಟಿ! ಪುರುಸೊತ್ತಿದ್ದರೆ ಹೀಗೆ ಹಿಂದಿನ ರಾತ್ರಿಯೇ ಮಾಡಿಡಿ. ಕೊಬ್ಬು ತೆಗೆಯುವುದು ಸುಲಭ, ಮರುದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅವತ್ತೇ ಮಾಡುವುದಾದರೆ ಹದಿನೈದು ನಿಮಿಷ ಅಲ್ಲಾಡಿಸದೆ ಬಿಟ್ಟು, ಮೇಲೆ ತೇಲುವ ಜಿಡ್ಡನ್ನು ಸೌಟಿನಲ್ಲಿ ತೆಗೆಯಿರಿ. ಪೂರ್ತಿ ತೆಗೆಯಬೇಡಿ, ಒಂದಷ್ಟು ಇದ್ದರೇ ರುಚಿ, ಹೊಟ್ಟೆಯೂ ಹೆಚ್ಚು ಹೊತ್ತು ತಡೆಯುತ್ತದೆ.

ತರಕಾರಿ

ಸೋರೆಕಾಯಿ ಕತ್ತರಿಸಿದ ಕೂಡಲೇ ಒಂದು ಸಣ್ಣ ಚೂರು ಬಾಯಿಗಿಟ್ಟು ನೋಡಿ. ಇದನ್ನು ದಯವಿಟ್ಟು ಮರೆಯಬೇಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಹೊಟ್ಟೆನೋವು, ರಕ್ತಸ್ರಾವದವರೆಗೂ ಹೋಗಬಹುದು. ಶುಗರ್‌ಗೆ ಒಳ್ಳೆಯದು ಅಂತ ಹಸಿ ಸೋರೆಕಾಯಿ ರಸ ಕುಡಿಯುವವರು ನಮ್ಮ ಸುತ್ತಮುತ್ತ ಎಷ್ಟು ಜನ ಇದ್ದಾರೆ! ಕಹಿ ಅಂದರೆ ಔಷಧಿ ಅಂತ ನಂಬಿ ಕುಡಿಯುತ್ತಾರೆ. ಹಾಗಲಕಾಯಿಯ ಕಹಿ ಬೇರೆ, ಸೋರೆಕಾಯಿಯ ಕಹಿ ಬೇರೆ.

ಸಿಪ್ಪೆ, ಬೀಜದ ತಿರುಳು ತೆಗೆದು ಹೆಚ್ಚಿ. ಹೂಕೋಸನ್ನು ಬಿಡಿಸಿ ಬಿಸಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಹುಳ ಇದ್ದರೆ ಹೊರಗೆ ಬರುತ್ತವೆ. ಬೀನ್ಸ್ ಒಂದು ಇಂಚಿನ ತುಂಡು. ಸೊಪ್ಪಿನ ಎಳೆ ದಂಟು ಎಸೆಯಬೇಡಿ, ಸಣ್ಣಗೆ ಹೆಚ್ಚಿ ಬೇರೆ ಇಡಿ.

ದಪ್ಪ ತಳದ ಪಾತ್ರೆಗೆ ಎಣ್ಣೆ ಹಾಕಿ, ಬೆಳ್ಳುಳ್ಳಿಯಲ್ಲಿ ಒಂದು ಗೆಡ್ಡೆಯಷ್ಟು ಜಜ್ಜಿ ಹಾಕಿ, ಈರುಳ್ಳಿ ಹಾಕಿ. ಇಲ್ಲಿ ಅವಸರ ಮಾಡಬೇಡಿ. ಈರುಳ್ಳಿ ಬೆಲ್ಲದ ಬಣ್ಣಕ್ಕೆ ತಿರುಗಬೇಕು, ಎಂಟು ಹತ್ತು ನಿಮಿಷ ಬೇಕು. ತಳ ಹಿಡಿಯುತ್ತಿದೆ ಅನ್ನಿಸಿದರೆ ಒಂದು ಚಮಚ ರಸ ಚಿಮುಕಿಸಿ ಸೌಟಿನಲ್ಲಿ ಕೆರೆಯಿರಿ. ತಳಕ್ಕೆ ಹಿಡಿದ ಆ ಕಂದು ಪದರದಲ್ಲೇ ರುಚಿ ಇರುವುದು. ಆಮೇಲೆ ಹೂಕೋಸಿನ ಅರ್ಧ ಭಾಗ ಹಾಕಿ, ಅಲ್ಲಲ್ಲಿ ಕಂದು ಮಚ್ಚೆ ಬರುವವರೆಗೂ ಹುರಿದು ತೆಗೆದಿಡಿ. ಇದು ಕೊನೆಗೆ ಸೂಪಿಗೆ ಬೀಳುತ್ತದೆ, ಅಗಿಯಲು ಸಿಗುವುದು ಇದೇ.

ಅದೇ ಪಾತ್ರೆಗೆ ಟೊಮೆಟೊ, ಸೋರೆಕಾಯಿ ಎಲ್ಲ, ಉಳಿದ ಹೂಕೋಸು, ಸೊಪ್ಪಿನ ದಂಟು ಹಾಕಿ ಮುಳುಗುವಷ್ಟು ಮೂಳೆ ರಸ ಹಾಕಿ ಬೇಯಿಸಿ. ಹದಿನೈದು ನಿಮಿಷದಲ್ಲಿ ಸೋರೆಕಾಯಿ ಗಾಜಿನ ಥರ ಆಗಿ, ಸೌಟಿನಲ್ಲಿ ಒತ್ತಿದರೆ ಅಪ್ಪಚ್ಚಿ ಆಗುತ್ತದೆ. ಈಗ ಕಡಗೋಲು ತಗೊಳ್ಳಿ. ಮಸ್ಸೊಪ್ಪಿಗೆ ಮಸೆಯುತ್ತೇವಲ್ಲ, ಹಾಗೇ ಮಸೆಯಿರಿ. ನಾನು ಮಿಕ್ಸಿಗಿಂತ ಕಡಗೋಲನ್ನೇ ಇಷ್ಟಪಡುತ್ತೇನೆ. ಮಿಕ್ಸಿಯಲ್ಲಿ ತೀರಾ ನುಣ್ಣಗಾಗಿ ಮಗುವಿನ ಊಟದ ಥರ ಆಗುತ್ತದೆ, ಕಡಗೋಲಿನಲ್ಲಿ ಸಣ್ಣ ಸಣ್ಣ ತುಣುಕು ಉಳಿದು ಬಾಯಿಗೆ ಸಿಗುತ್ತದೆ. ಮಿಕ್ಸಿಯೇ ಬೇಕು ಅಂದರೆ ಪೂರ್ತಿ ತಣ್ಣಗಾದ ಮೇಲೆ ಹಾಕಿ. ಬಿಸಿ ಇದ್ದಾಗ ಹಾಕಿದರೆ ಹಬೆಯ ಒತ್ತಡಕ್ಕೆ ಮುಚ್ಚಳ ಹಾರಿ ಮುಖ ಕೈ ಸುಡುತ್ತದೆ. ನಮ್ಮ ಮನೆಯಲ್ಲೇ ಆಗಿದೆ, ಮಣಿಕಟ್ಟಿನ ಮೇಲೆ ಕಲೆ ಇನ್ನೂ ಇದೆ.

ಮಸೆದ ಮೇಲೆ ಉಳಿದ ರಸ, ಬೆಂದ ಮಾಂಸ, ಬೀನ್ಸ್ ಹಾಕಿ ಎಂಟು ನಿಮಿಷ ಕುದಿಸಿ. ಹದ ನೋಡಿ. ಸೌಟಿನಿಂದ ಸುರಿದರೆ ಸಾರಿನ ಥರ ಸಳಸಳ ಬೀಳಬಾರದು, ಹುಳಿಯ ಥರ ತೂಗಿಕೊಂಡು ಬೀಳಬೇಕು.

ಉಪ್ಸಾರು ಖಾರ, ಸೊಪ್ಪು, ಮೊಟ್ಟೆ

ಸೂಪು ಅಂದರೆ ಮೇಲೊಂದಿಷ್ಟು ಮೆಣಸಿನ ಪುಡಿ ಅನ್ನುವುದು ಹೋಟೆಲಿನ ರೂಢಿ. ಮಂಡ್ಯದ ಕಡೆಯವರಿಗೆ ಅದು ಸಾಲುವುದಿಲ್ಲ. ಉಪ್ಸಾರಿಗೆ ಮಾಡುವ ಖಾರವನ್ನು ಇದಕ್ಕೆ ಮಾಡಿ ನೋಡಿದ ದಿನವೇ ಈ ಸೂಪು ನಮ್ಮ ಮನೆಯ ಊಟವಾಗಿದ್ದು.

ಹಸಿ ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಎಣ್ಣೆ ಇಲ್ಲದೆ ಅಲ್ಲಲ್ಲಿ ಕಪ್ಪಾಗುವ ಹಾಗೆ ಸುಡಿ. ಅದೇ ಬಿಸಿಯಲ್ಲಿ ಮೆಣಸು, ಜೀರಿಗೆ ಅರ್ಧ ನಿಮಿಷ ಬೆಚ್ಚಗೆ ಮಾಡಿ. ಉಳಿದ ಬೆಳ್ಳುಳ್ಳಿ, ಉಳಿದ ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಕಾಲು ಚಮಚ ಉಪ್ಪು ಸೇರಿಸಿ ಒರಳಿನಲ್ಲಿ ತರಿತರಿಯಾಗಿ ಅರೆಯಿರಿ. ಉಪ್ಸಾರಿಗೆ ಹುಣಸೆಹಣ್ಣು ಹಾಕುತ್ತೇವೆ, ಇಲ್ಲಿ ಬೇಡ, ನಿಂಬೆ ಇದೆ. ಅರೆಯುವಾಗ ಮೊದಲು ಬೆಳ್ಳುಳ್ಳಿಯ ಘಾಟು ಬರುತ್ತದೆ, ಮೆಣಸು ಒಡೆದ ಮೇಲೆ ಅದು ಇಳಿದು ಇನ್ನೊಂದು ಘಮ ಏಳುತ್ತದೆ. ಅಲ್ಲಿಗೆ ನಿಲ್ಲಿಸಿ, ನುಣ್ಣಗೆ ಮಾಡಬೇಡಿ. ಇದರಲ್ಲಿ ಮೂರನೇ ಒಂದು ಭಾಗ ಮಾತ್ರ ಸೂಪಿಗೆ ಹಾಕಿ. ಉಳಿದದ್ದು ಬಟ್ಟಲಿನಲ್ಲಿ ಪಕ್ಕಕ್ಕಿರಲಿ, ಉಪ್ಸಾರಿನ ಹಾಗೆ ಅವರವರಿಗೆ ಬೇಕಾದಷ್ಟು ಕಲಸಿಕೊಳ್ಳಲಿ. ಅಪ್ಪಾಜಿಗೆ ಒಂದು ಚಮಚ ಬೇಕು, ನನ್ನ ಮಗಳಿಗೆ ಚಮಚದ ತುದಿಯಷ್ಟು. ಖಾರ ಕುದಿಸದೆ ಹಸಿಯಾಗಿ ಕಲಸಿದರೆ ಕಡಿಮೆ ಉಪ್ಪಿನಲ್ಲೂ ರುಚಿ ಎದ್ದು ಕಾಣುತ್ತದೆ, ಬಿಪಿ ಇರುವವರಿಗೆ ಇದು ದೊಡ್ಡ ಅನುಕೂಲ.

ಸೂಪು ಕುದಿಯುತ್ತಿರುವಾಗ ಹುರಿದಿಟ್ಟ ಹೂಕೋಸು, ಸೊಪ್ಪು ಹಾಕಿ. ಪಾಲಕ್ ಆದರೆ ಎರಡು ನಿಮಿಷ, ದಂಟಿನ ಸೊಪ್ಪು, ನುಗ್ಗೆಸೊಪ್ಪಿಗೆ ಐದಾರು ನಿಮಿಷ. ಆಮೇಲೆ ಉರಿ ಸಣ್ಣ ಮಾಡಿ. ಎರಡು ಮೊಟ್ಟೆ ಒಡೆದು ಚೆನ್ನಾಗಿ ಕದಡಿ, ಎತ್ತರದಿಂದ ದಾರದ ಹಾಗೆ ಸಣ್ಣಗೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಜೋರಾಗಿ ಕುದಿಯುವಾಗ ಸುರಿದರೆ ಗಂಟಾಗುತ್ತದೆ, ಕುದಿಯೇ ನಿಂತಾಗ ಸುರಿದರೆ ಕದಡಿ ಹೋಗುತ್ತದೆ. ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಏಳುತ್ತಿರಬೇಕು. ಮೊಟ್ಟೆ ಎಳೆ ಎಳೆಯಾಗಿ ಮೇಲೆ ತೇಲಿದ ಮೇಲೆ ಒಂದು ನಿಮಿಷ ಬಿಟ್ಟು ಒಲೆ ಆರಿಸಿ. ನಿಂಬೆರಸ ಆರಿಸಿದ ಮೇಲೆ ಹಿಂಡಿ, ಕುದಿಸಿದರೆ ಕಹಿಯಾಗುತ್ತದೆ.

ಒಬ್ಬರಿಗೆ ಎರಡು ದೊಡ್ಡ ಬಟ್ಟಲು. ಅಷ್ಟೂ ಬೇಕು, ಒಂದು ಸಣ್ಣ ಕಪ್ಪಿನಲ್ಲಿ ಕೊಟ್ಟು ಇದೇ ಊಟ ಅನ್ನಬೇಡಿ. ಪ್ರತಿ ಬಟ್ಟಲಿಗೂ ಮೂರು ನಾಲ್ಕು ತುಂಡು ಬಾಡು ಬೀಳಬೇಕು. ಅಪ್ಪಾಜಿಗೆ ನಾನು ಕೊಡುವುದು ಮುದ್ದೆ ಉಣ್ಣುತ್ತಿದ್ದ ಅದೇ ಅಗಲದ ತಟ್ಟೆಯಲ್ಲಿ ಬಟ್ಟಲು ಇಟ್ಟು, ಪಕ್ಕದಲ್ಲಿ ಸೌತೆಕಾಯಿ ಹೋಳು, ಖಾರ, ಹಸಿ ಈರುಳ್ಳಿಯ ಎರಡು ತುಂಡು ಇಟ್ಟು. ಊಟಕ್ಕೆ ಕೂತೆ ಅನ್ನಿಸಬೇಕು ಅವರಿಗೆ, ಪಥ್ಯ ಅನ್ನಿಸಬಾರದು.

ಮಾಂಸ ತಿನ್ನದವರಿಗೆ

ಮೂಳೆಯ ಬದಲು ರಸಕ್ಕೆ ಅಣಬೆ, ನುಗ್ಗೆಕಾಯಿ, ಎಲೆಕೋಸಿನ ದಿಂಡು, ಸೊಪ್ಪಿನ ದಂಟು, ಜೀರಿಗೆ ಹಾಕಿ ಅರ್ಧ ಗಂಟೆ ಕುದಿಸಿ ಬಸಿಯಿರಿ. ಬಸ್ಸಾರಿಗೆ ಕಟ್ಟು ಬಸಿಯುವ ಹಾಗೇ, ಕಾಳು ಬೇಳೆ ಮಾತ್ರ ಇಲ್ಲ. ಇನ್ನೂರು ಗ್ರಾಂ ಅಣಬೆಯನ್ನು ಬೇರೆಯಾಗಿ, ನೀರೆಲ್ಲ ಇಂಗಿ ಕಂದಾಗುವವರೆಗೂ ಹುರಿದು ಹಾಕಿದರೆ ಮಾಂಸದ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಗಟ್ಟಿತನಕ್ಕೆ ಹುರಿದ ಕಡ್ಲೆಕಾಯಿ ಬೀಜ ಮೂರು ದೊಡ್ಡ ಚಮಚ ನುಣ್ಣಗೆ ಅರೆದು ಸೇರಿಸಿ. ಕಡ್ಲೆಕಾಯಿ ಬೀಜದಲ್ಲಿ ಕಾರ್ಬ್‌ಗಿಂತ ಪ್ರೋಟೀನು ಜಾಸ್ತಿ, ನೂರು ಗ್ರಾಂನಲ್ಲಿ 25 ಗ್ರಾಂ ಹತ್ತಿರ. ಪನೀರ್ ಇನ್ನೂರು ಗ್ರಾಂ ಕೊನೆಗೆ. ಬೇಳೆ ಹಾಕೋಣ ಅನ್ನಿಸುತ್ತದೆ, ಗೊತ್ತು. ಒಂದು ಹಿಡಿ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಬೇಡ, ತೊಗರಿಬೇಳೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬ್ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಂದಾಗ ಮನಸ್ಸು ತಡೆಯುವುದಿಲ್ಲ, ಆಗ ನಾನೂ ಹಿತಕಿದ ಅವರೆಬೇಳೆ ಒಂದು ಹಿಡಿ ಹಾಕುತ್ತೇನೆ.

ಕೆಟ್ಟರೆ ಸರಿ ಮಾಡುವುದು

ತೆಳ್ಳಗಾದರೆ ಹಿಟ್ಟು ಕಲಸಿ ಹಾಕಬೇಡಿ, ರಾಗಿ ಹಿಟ್ಟೂ ಬೇಡ, ಓಟ್ಸೂ ಬೇಡ. ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ, ಇಲ್ಲವೇ ಇನ್ನೊಂದಷ್ಟು ಹೂಕೋಸು ಬೇಯಿಸಿ ಮಸೆದು ಸೇರಿಸಿ. ಉಪ್ಪು ಜಾಸ್ತಿ ಆದರೆ ಆಲೂಗಡ್ಡೆ ಹಾಕು ಅಂತ ಯಾರಾದರೂ ಹೇಳುತ್ತಾರೆ. ಆಲೂಗಡ್ಡೆ ಉಪ್ಪನ್ನು ಹುಡುಕಿ ಹೀರುವುದಿಲ್ಲ, ಸುತ್ತ ಇರುವ ರಸವನ್ನು ಸ್ವಲ್ಪ ಕುಡಿಯುತ್ತದೆ ಅಷ್ಟೇ. ನೀರು, ಉಪ್ಪಿಲ್ಲದೆ ಬೇಯಿಸಿದ ಸೋರೆಕಾಯಿ ಸೇರಿಸಿ. ಸಪ್ಪೆ ಅನ್ನಿಸಿದರೆ ಉಪ್ಪಿನ ಡಬ್ಬಕ್ಕೆ ಕೈ ಹಾಕುವ ಮೊದಲು ನಿಂಬೆ ನಾಲ್ಕು ಹನಿ ಹಿಂಡಿ ನೋಡಿ, ಹತ್ತರಲ್ಲಿ ಏಳು ಸಲ ಅಷ್ಟೇ ಸಾಕಾಗುತ್ತದೆ.

ಉಳಿದದ್ದನ್ನು ಇಡುವುದು

ಮೂಳೆ ರಸ ಬೇಗ ಕೆಡುತ್ತದೆ. ರಾತ್ರಿ ಮಾಡಿ ಒಲೆ ಮೇಲೇ ಬಿಟ್ಟು ಬೆಳಗ್ಗೆ ಕುದಿಸಿದರಾಯಿತು ಅಂದುಕೊಳ್ಳಬೇಡಿ, ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಂತೂ ಬೇಡವೇ ಬೇಡ. ಅಗಲ ಪಾತ್ರೆಗೆ ಬಗ್ಗಿಸಿ, ಆ ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನ ಚೆನ್ನಾಗಿರುತ್ತದೆ. ಬರೀ ರಸವನ್ನು ಸಣ್ಣ ಡಬ್ಬಗಳಲ್ಲಿ ಫ್ರೀಜರ್‌ನಲ್ಲಿಟ್ಟರೆ ಎರಡು ತಿಂಗಳಿಗೂ ಮೋಸವಿಲ್ಲ. ಸೊಪ್ಪು, ಮೊಟ್ಟೆ ಹಾಕಿದ ಸೂಪು ಫ್ರೀಜ್ ಮಾಡಬೇಡಿ, ಕರಗಿದಾಗ ನೀರೇ ಬೇರೆ ಚರಟವೇ ಬೇರೆ ಆಗುತ್ತದೆ. ಬಿಸಿ ಮಾಡುವಾಗ ಬೇಕಾದಷ್ಟನ್ನು ಮಾತ್ರ ತೆಗೆದು, ನಡುವಿನಲ್ಲೂ ಗುಳ್ಳೆ ಏಳುವಂತೆ ಪೂರ್ತಿ ಕುದಿಸಿ. ಖಾರ ಮಾತ್ರ ಪ್ರತಿ ಸಲವೂ ಹೊಸದಾಗಿ ಅರೆಯಿರಿ.

ಅಪ್ಪಾಜಿ ಊರಿಗೆ ವಾಪಸ್ ಹೋಗುವಾಗ ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಟ್ಟೆ. ಈಗ ಅವ್ವ ವಾರಕ್ಕೆ ಮೂರು ರಾತ್ರಿ ಮಾಡುತ್ತಾರೆ, ಹಿತ್ತಲ ನುಗ್ಗೆಸೊಪ್ಪು ಹಾಕಿ, ಹೂಕೋಸು ಸಿಗದ ದಿನ ಬರೀ ಸೋರೆಕಾಯಲ್ಲೇ. ಮಧ್ಯಾಹ್ನ ಅರ್ಧ ಮುದ್ದೆ ಉಂಟು.